ಇಪ್ಪತ್ನಾಲ್ಕು ಸಾವಿರದ ಲಾರಿ

ಬ್ಯಾಂಕಿನಲ್ಲಿ ಮೂವತ್ಮೂರು ವರ್ಷ ದುಡಿದವನಿಗೆ ಲೆಕ್ಕ ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ನಂಬುತ್ತಾಳೆ. ಪುರಾವೆಯಾಗಿ ಅವಳ ಹತ್ತಿರ ಒಂದು ನೋಟ್‌ಬುಕ್ಕೇ ಇದೆ.

ನೌಕರಿಯಲ್ಲಿದ್ದಾಗ ನನಗೆ ಏಳು ಸಲ ವರ್ಗವಾಯಿತು. ಶಿರಸಿ, ಗದಗ, ರಾಯಚೂರು ಎಂದು ಸುತ್ತಿದ್ದೇ ಸುತ್ತಿದ್ದು. ಪ್ರತಿ ಸಲವೂ ಮನೆ ಮುಂದೆ ಲಾರಿ ಬಂದು ನಿಲ್ಲುತ್ತಿತ್ತು, ಹಮಾಲರು ಬರುತ್ತಿದ್ದರು. ಪಾತ್ರೆ ಗೋಣಿಚೀಲಕ್ಕೆ, ಉಪ್ಪಿನಕಾಯಿ ಜಾಡಿ ಹಾಸಿಗೆಯ ಮಡಿಕೆಗೆ. ಬಾಡಿಗೆ ರಸೀದಿಯನ್ನು ಟಿ.ಎ. ಬಿಲ್ಲಿಗೆ ಪಿನ್ನು ಚುಚ್ಚಿ ಕೊಟ್ಟರೆ ನನ್ನ ಪಾಲಿನ ಕೆಲಸ ಮುಗಿಯಿತು. ಹಾಗಾಗಿ ಮುರಿದ ಸ್ಟೂಲು ಕೂಡ ಏಳು ಊರು ನೋಡಿತು. ಅದಕ್ಕೆ ಎಷ್ಟು ಖರ್ಚಾಯಿತೆಂದು ಕೇಳುವ ಪ್ರಮೇಯವೇ ಬರಲಿಲ್ಲ.

ನಿವೃತ್ತನಾದ ಮೇಲೆ, 2023ರ ಮೇ ತಿಂಗಳಲ್ಲಿ, ಮೈಸೂರಿನ ಮನೆ ಖಾಲಿ ಮಾಡಿ ಪುಣೆಯಲ್ಲಿರುವ ಮಗಳ ಹತ್ತಿರ ಬಾಡಿಗೆ ಮನೆ ಹಿಡಿದೆವು. ಸಾವಿರ ಕಿಲೋಮೀಟರಿಗೆ ಹತ್ತಿರದ ದಾರಿ. ಈ ಸಲ ಟಿ.ಎ. ಬಿಲ್ಲು ಇಲ್ಲ.

ಮೂರು ಕಡೆ ವಿಚಾರಿಸಿದೆ. ಒಬ್ಬ ಮನೆಗೇ ಬಂದ. ಅಟ್ಟ ಹತ್ತಿ ನೋಡಿದ, ಮಂಚದ ಕೆಳಗೆ ಬಗ್ಗಿದ, ಟೇಪು ಹಿಡಿದು ಬೀರುವಿನ ಉದ್ದಗಲ ಅಳೆದ, ಪುಣೆಯ ಮನೆಗೆ ಲಿಫ್ಟ್ ಇದೆಯೇ, ಓಣಿ ಎಷ್ಟು ಅಗಲ ಎಂದೆಲ್ಲ ಕೇಳಿದ. ಒಂದು ಗಂಟೆ ಕುಳಿತು, ಎರಡು ಲೋಟ ಕಾಫಿ ಕುಡಿದು 'ಎಲ್ಲಾ ಸೇರಿ 38 ಸಾವಿರ ಸಾರ್' ಎಂದು ಬರೆದುಕೊಟ್ಟ. ಎರಡನೆಯವನು 43 ಎಂದ. ಮೂರನೆಯವನು ಮನೆಗೆ ಬರಲೇ ಇಲ್ಲ. ಫೋನಿನಲ್ಲೇ 'ಟೂ ಬೆಡ್‌ರೂಮಾ ಅಂಕಲ್? 24 ಸಾವಿರ ಕೊಡಿ, ಸಾಕು' ಎಂದ.

'ರೀ, ಅಟ್ಟ ಹತ್ತಿ ನೋಡಿದವನಿಗೇ ಕೊಡೋಣ' ಎಂದಳು ಇವಳು. 'ಹದಿನಾಲ್ಕು ಸಾವಿರ ಉಳಿಯುತ್ತದೆ ಕಣೆ' ಎಂದೆ. ಆ ವಾಕ್ಯ ಈಗಲೂ ನಮ್ಮ ಮನೆಯಲ್ಲಿ ಆಗಾಗ ಕೇಳಿಬರುತ್ತದೆ, ನನ್ನ ಬಾಯಿಂದಲ್ಲ.

ದೂರದ ಊರಿಗೆ ಸಾಮಾನು ಕಳಿಸುವಾಗ ನಮ್ಮಂಥವರ ಸಂಸಾರಕ್ಕೆ ಇಡೀ ಲಾರಿ ಬೇಕಾಗುವುದಿಲ್ಲ. ಇನ್ನಿಬ್ಬರು ಮೂವರ ಸಾಮಾನಿನೊಂದಿಗೆ ನಮ್ಮದೂ ಹೋಗುತ್ತದೆ, ಪಾರ್ಟ್ ಲೋಡ್ ಎನ್ನುತ್ತಾರೆ. ಅಗ್ಗ ನಿಜ. ಆದರೆ ಸಾಮಾನು ಗೋಡೌನಿನಲ್ಲಿ ಇಳಿದು ಹತ್ತುತ್ತದೆ, ಲಾರಿ ತುಂಬುವ ತನಕ ಹೊರಡುವುದಿಲ್ಲ. ಇಲ್ಲಿ ತೂಕಕ್ಕಿಂತ ಸಾಮಾನು ಹಿಡಿಯುವ ಜಾಗಕ್ಕೇ ಬೆಲೆ, ಘನ ಅಡಿಯ ಲೆಕ್ಕ. ಉದ್ದ, ಅಗಲ, ಎತ್ತರ ಗುಣಿಸಿದರೆ ಬಂತು. ಪುಸ್ತಕದ ಪೆಟ್ಟಿಗೆ ಎತ್ತಲಾರದಷ್ಟು ಭಾರವಿದ್ದರೂ ಮೂಲೆ ಹಿಡಿದು ಕೂರುತ್ತದೆ. ಹಗುರವಾದ ಬೆತ್ತದ ಕುರ್ಚಿ ಗಾಳಿ ತುಂಬಿಕೊಂಡು ಅರ್ಧ ಲಾರಿ ನುಂಗುತ್ತದೆ.

ಸಾಮಾನು ಹೊರಟ ಐದನೆಯ ದಿನ ಫೋನ್ ಬಂತು. 'ಅಂಕಲ್, ಕೊಲ್ಹಾಪುರದ ಹತ್ತಿರ ಗಾಡಿ ನಿಲ್ಲಿಸಿದ್ದಾರೆ. ಇ-ವೇ ಬಿಲ್ ಇಲ್ಲ ಅಂತಾರೆ. 2,500 ಕಳಿಸಿ.' ಇವಳ ಮುಖ ಇಳಿಯಿತು. ಅವಳ ತಾಯಿಯ ಬೆಳ್ಳಿ ಕುಂಕುಮದ ಭರಣಿ ಬೀರುವಿನ ಒಳಗೇ ಉಳಿದುಬಿಟ್ಟಿತ್ತು. ಬೆಲೆಬಾಳುವುದನ್ನು ಕೈಯಲ್ಲೇ ತರಬೇಕೆಂದು ನೂರು ಸಲ ಹೇಳಿಕೊಂಡು ಮರೆತದ್ದು ನಾನೇ. ದುಡ್ಡು ಕಳಿಸಲು ಹೊರಟವನನ್ನು ತಡೆದದ್ದು ಮಗಳು. ಜಿಎಸ್‌ಟಿ ನಿಯಮದಲ್ಲಿ ಬಳಸಿದ ಮನೆಬಳಕೆಯ ವಸ್ತುಗಳಿಗೆ ಇ-ವೇ ಬಿಲ್ ಬೇಕಿಲ್ಲ. ವಿನಾಯಿತಿಯ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿಯೇ ಇದೆ. 'ಅಪ್ಪಾ, ನಿಲ್ಲಿಸಿದ ಅಧಿಕಾರಿಯ ಕೈಗೆ ಫೋನ್ ಕೊಡು ಅಂತ ಹೇಳಿ' ಎಂದಳು. ಹೇಳಿದೆ. ಅರ್ಧ ಗಂಟೆಯಲ್ಲಿ ಗಾಡಿ ಹೊರಟಿತು. ನಿಂತಿತ್ತೋ ಇಲ್ಲವೋ, ಆ ಮಾತು ಬೇರೆ.

ಎಂಟನೆಯ ದಿನ ಪುಣೆ ತಲುಪಿದ ದೊಡ್ಡ ಲಾರಿ ನಮ್ಮ ಓಣಿಗೆ ಬರಲಿಲ್ಲ. ಹಗಲು ಭಾರೀ ವಾಹನಕ್ಕೆ ಪ್ರವೇಶವಿಲ್ಲವಂತೆ, ಸಣ್ಣ ಗಾಡಿಗೆ ಬೇರೆ ದುಡ್ಡು. ಮೂರನೆಯ ಮಹಡಿಗೆ ಹೊತ್ತದ್ದಕ್ಕೆ ಬೇರೆ. 'ಪೂರ್ತಿ ಕೊಟ್ಟರೆ ಇಳಿಸುತ್ತೇವೆ' ಎಂದು ಗಾಡಿಯ ಬಾಗಿಲು ಹಾಕಿಕೊಂಡು ನಿಂತರು. ನಮ್ಮದೇ ಹಾಸಿಗೆ ಕಣ್ಣೆದುರಿಗೆ, ನಾವು ಎಂಟು ರಾತ್ರಿ ಮಗಳ ಮನೆಯ ಚಾಪೆಯ ಮೇಲೆ. ವಾದ ಮಾಡುವ ತ್ರಾಣ ಯಾರಿಗಿರುತ್ತದೆ? ಕೊಟ್ಟೆ.

ಇವಳ ನೋಟ್‌ಬುಕ್ಕಿನ ಪುಟ ಹೀಗಿದೆ: ಹೇಳಿದ ದರ 24,000. 'ಹೇಳಿದ್ದಕ್ಕಿಂತ ಸಾಮಾನು ಹೆಚ್ಚಿದೆ' ಎಂದು 4,000. ಎರಡೂ ಸೇರಿದ್ದಕ್ಕೆ ಶೇ 18 ಜಿಎಸ್‌ಟಿ, 5,040. ಸಾಮಾನಿನ ಬೆಲೆ ಒಂದೂವರೆ ಲಕ್ಷ ಎಂದು ಬರೆಸಿಕೊಂಡು ಶೇ 3ರಂತೆ 'ಇನ್ಶೂರೆನ್ಸ್', 4,500. ಸಣ್ಣ ಗಾಡಿ 3,500. ಮಹಡಿ ಹತ್ತಿಸಿದ್ದು 3,000. ಚಹಾ ಖರ್ಚು 1,000. ಒಟ್ಟು 45,040. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ 'ಅಟ್ಟ ಹತ್ತಿದವನು: 38,000' ಎಂದು ಬರೆದಿದ್ದಾಳೆ.

ಅಲ್ಲಿಗೂ ಮುಗಿಯಲಿಲ್ಲ. ಮೈಸೂರಿನ ಮನೆಗೆ ತಿಂಗಳ ಬಾಡಿಗೆ ಪೂರ್ತಿ ಕೊಟ್ಟಿದ್ದೆವು, ಪುಣೆಯದು ಅದಾಗಲೇ ಶುರುವಾಗಿತ್ತು. ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಿ ಹಾಕುವಂತಿಲ್ಲ. ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ಒಪ್ಪಿಸಿ, ಹಳೇ ಠೇವಣಿ ವಾಪಸ್ ಪಡೆದು, ಹೊಸ ಊರಿನಲ್ಲಿ ಇಂದಿನ ದರದ ಠೇವಣಿ ಕಟ್ಟಬೇಕು. ಸ್ಕೂಟರಿನದು ಇನ್ನೊಂದು ಪುರಾಣ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಹಳೆಯ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತಂದು ಹೊಸದಾಗಿ ನೋಂದಾಯಿಸಬೇಕು, ಅಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ನಮ್ಮದು ಹದಿಮೂರು ವರ್ಷದ ಗಾಡಿ. ಪಕ್ಕದ ಮನೆಯ ಹುಡುಗನಿಗೆ ಮಾರಿ ಬಂದೆ. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಸಾಮಾನು ಬಿಚ್ಚಿದಾಗ ಟಿ.ವಿ.ಯ ಪರದೆ ಸೀಳಿತ್ತು, ಮಿಕ್ಸಿಯ ದೊಡ್ಡ ಜಾರ್ ಕಾಣೆ. ಭರಣಿ ಇತ್ತು, ಪುಣ್ಯ. ಇನ್ಶೂರೆನ್ಸ್ ಕಾಗದ ತೆಗೆದು ನೋಡಿದರೆ ಯಾವ ವಿಮಾ ಕಂಪನಿಯ ಹೆಸರೂ ಇಲ್ಲ, ಅದು ಸಾಗಣೆದಾರರದೇ ಲೆಟರ್‌ಹೆಡ್. 4,500 ರೂಪಾಯಿಗೆ ನಾನು ಕೊಂಡದ್ದು ಒಂದು ಹಾಳೆ! ವಿಮೆ ಎಂದಾದರೆ ವಿಮಾ ಕಂಪನಿಯ ಪಾಲಿಸಿ ಸಂಖ್ಯೆ ಇರಬೇಕು, ಲಾರಿ ಹೊರಡುವ ಮೊದಲೇ ಕೈಗೆ ಬರಬೇಕು. ವಸ್ತುಗಳ ಪಟ್ಟಿಯೂ ಅಷ್ಟೆ. ನಮ್ಮ ಪಟ್ಟಿಯಲ್ಲಿ 'ಕಾರ್ಟನ್ 22' ಎಂದಷ್ಟೇ ಇತ್ತು, ಯಾವುದರಲ್ಲಿ ಏನಿದೆ ಎಂದು ಬರೆದಿರಲಿಲ್ಲ. ಅದರ ಕೆಳಗೆ ನನ್ನ ರುಜು ಬೇರೆ.

ಹಳೆಯ ಸಹೋದ್ಯೋಗಿಯೊಬ್ಬರು ಕಾನೂನು ಬಲ್ಲವರು. ರಸ್ತೆ ಸಾಗಣೆಗೆ 1865ರ ಕಾಯಿದೆಯೇ ನಡೆದುಬರುತ್ತಿತ್ತಂತೆ. ಅದರ ಜಾಗಕ್ಕೆ 2007ರ ಕಾಯಿದೆ ಬಂದು 2011ರಿಂದ ಜಾರಿಯಲ್ಲಿದೆ. ಒಪ್ಪಿಸಿದ ಸಾಮಾನು ಹಾಳಾದರೆ ಸಾಗಣೆದಾರ ಅಲಕ್ಷ್ಯ ಮಾಡಿದನೆಂದು ನಾವು ರುಜುವಾತು ಮಾಡಬೇಕಾಗಿಲ್ಲ. ಆದರೆ ಸಾಮಾನು ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಕೊಡದಿದ್ದರೆ ದಾವೆಗೆ ಅವಕಾಶವಿಲ್ಲ. ಇಂಥ ಹೊತ್ತಿನಲ್ಲಿ ಬೇಕಾಗುವುದು ಲಾರಿ ರಸೀದಿ. ಇವಳು ಅದನ್ನು ಪಂಚಾಂಗದೊಳಗೆ ಜೋಪಾನ ಮಾಡಿದ್ದಳು. ನೋಟಿಸ್ ಕಳಿಸಿದೆ. ಎರಡು ತಿಂಗಳ ಮೇಲೆ ಎಳೆದಾಡಿ 6,000 ಕೊಟ್ಟರು. ಹೊಸ ಟಿ.ವಿ.ಗೆ ಅದು ಸಾಲದು ಅನ್ನಿ.

ಒಂದು ಸಂಜೆ ಕುತೂಹಲಕ್ಕೆ ಕೂತು ಭಾಗಿಸಿದೆ. ನಮ್ಮ ಸಾಮಾನು ಒಟ್ಟು 410 ಘನ ಅಡಿ. ಒಂದು ಘನ ಅಡಿಗೆ 110 ರೂಪಾಯಿ ಬಿತ್ತು. ಹಳೇ ಮರದ ಸೋಫಾ ಮೂವತ್ತೇಳೂವರೆ ಘನ ಅಡಿ, ಅಂದರೆ ಪುಣೆಗೆ ಬರಲು ಅದು 4,100 ರೂಪಾಯಿ ಟಿಕೆಟ್ ತೆಗೆದುಕೊಂಡಿದೆ. ಮೈಸೂರಿನಲ್ಲಿ ಮಾರಿದ್ದರೆ ಎರಡು ಸಾವಿರ ಯಾರೂ ಕೊಡುತ್ತಿರಲಿಲ್ಲ. ಕಬ್ಬಿಣದ ಬೀರು 3,200. ಅದು ಈ ಮನೆಯ ಮಲಗುವ ಕೋಣೆಯ ಬಾಗಿಲಲ್ಲಿ ನುಗ್ಗಲಿಲ್ಲ, ಹಜಾರದಲ್ಲೇ ನಿಂತಿದೆ.

ಇವಳು ಬೇಡವೆಂದರೂ ಬಿಡದೆ ತಂದದ್ದು ಅತ್ತೆಯವರ ಕಾಲದ ಒರಳುಕಲ್ಲು. 'ಕಲ್ಲು ಹೊತ್ತುಕೊಂಡು ಸಾವಿರ ಕಿಲೋಮೀಟರ್ ಹೋಗುತ್ತಾರೇನೇ?' ಎಂದು ನಾನು ಎಗರಾಡಿದ್ದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಗುಣಿಸಿ ನೋಡಿದೆ, 371 ರೂಪಾಯಿ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮಿಕ್ಸಿಗೆ ಹೊಸ ಜಾರ್ ಬರುವ ತನಕ ಹದಿನೈದು ದಿನ ಚಟ್ನಿ ಆಗಿದ್ದು ಅದರಲ್ಲೇ, ರುಬ್ಬಿದ್ದು ನಾನೇ.