ಯಂತ್ರ ಅಲ್ಲಿ, ಚಿತ್ರ ಇಲ್ಲಿ

೨೦೨೦ರ ಮಾರ್ಚಿಯಲ್ಲಿ ದೇಶವೇ ಬಾಗಿಲಿಕ್ಕಿಕೊಂಡಾಗ ಬೆಂಗಳೂರಿನ ಕಚೇರಿಗಳ ಕೆಲಸ ಮನೆಗಳಿಗೆ ಬಂದಿತು. ಲೆಕ್ಕಪತ್ರ ನೋಡುವವರಿಗೆ ಇದರಿಂದ ಅಷ್ಟೇನೂ ತೊಡಕಾಗಲಿಲ್ಲ. ಪೇಚಿಗೆ ಸಿಕ್ಕಿದವರು ಯಂತ್ರಭಾಗಗಳನ್ನು ಮೂರು ಆಯಾಮಗಳಲ್ಲಿ ರಚಿಸುವ ಎಂಜಿನಿಯರುಗಳು. ಚಿತ್ರ ಬರೆಯುವುದಕ್ಕೆಂದೇ ಇರುವ ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡು ಕಚೇರಿಯ ಕಂಪ್ಯೂಟರಿನಲ್ಲಿ. ಮನೆಯಲ್ಲಿರುವುದು ಮಗನ ಪಾಠಕ್ಕೂ ಬೇಕಾದ ಸಣ್ಣ ಲ್ಯಾಪ್‌ಟಾಪು. ನಕ್ಷೆಗಳನ್ನು ಪೆನ್ ಡ್ರೈವಿನಲ್ಲಿ ಹೊತ್ತು ತರೋಣವೆಂದರೆ ಮಾಲೀಕರು ಒಪ್ಪರು; ಗುಟ್ಟು ಹೊರಬಿದ್ದರೆ ನೌಕರಿಯೂ ಹೋದೀತು.

ದೂರದ ಯಂತ್ರವನ್ನು ಕುಳಿತಲ್ಲಿಂದಲೇ ನಡೆಸುವುದು ಹೊಸ ವಿದ್ಯೆಯಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ೧೯೮೪ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ಪದ್ಧತಿಯಲ್ಲಿಯೇ ಅದು ಉಂಟು. ಆದರೆ ಆ ಪದ್ಧತಿಯಲ್ಲಿ ತಂತಿಯ ಮೇಲೆ ಬರುವುದು ಚಿತ್ರವಲ್ಲ, ಚಿತ್ರ ಬರೆಯುವ ಅಪ್ಪಣೆಗಳು: ಇಲ್ಲಿ ಗೆರೆ ಎಳೆ, ಅಲ್ಲಿ ಬಣ್ಣ ತುಂಬು. ಬರೆಯುವ ಶ್ರಮವೆಲ್ಲ ನೋಡುವವನ ಯಂತ್ರದ್ದು. ಅಡಿಗೆಯವನನ್ನು ಕಚೇರಿಯಲ್ಲಿಯೇ ಉಳಿಸಿಕೊಂಡು ಪಾಕಶಾಸ್ತ್ರದ ಪುಸ್ತಕವನ್ನು ಮಾತ್ರ ಮನೆಗೆ ಕಳುಹಿಸಿದ ಹಾಗೆ! ಲಕ್ಷಾಂತರ ತ್ರಿಕೋನಗಳಿಂದಾದ ಎಂಜಿನ್ನೊಂದನ್ನು ಹೀಗೆ ಬರೆಸಹೊರಟರೆ ಮನೆಯ ಪೆಟ್ಟಿಗೆ ಏದುಸಿರುಬಿಡುತ್ತದೆ.

ಲಿನಕ್ಸ್ ಬಳಸುವವರಿಗೆ ಇದಕ್ಕೊಂದು ದಾರಿಯನ್ನು ತೋರಿದ್ದು ವರ್ಚುವಲ್ ಜಿ.ಎಲ್. ಎಂಬ ತಂತ್ರಾಂಶ. ಭೂಗರ್ಭದಲ್ಲಿ ತೈಲ ಹುಡುಕುವವರ ಭಾರೀ ಚಿತ್ರಗಳಿಗಾಗಿ ಹುಟ್ಟಿದ ಇದು ಈಗ ಎಲ್ಲರಿಗೂ ಬೆಲೆಯಿಲ್ಲದೆ ದೊರೆಯುತ್ತದೆ. ಪ್ರೋಗ್ರಾಮಿನ ಹೆಸರಿನ ಮುಂದೆ ‘ವಿಜಿಎಲ್‌ರನ್’ ಎಂಬ ಒಂದು ಪದವನ್ನು ಸೇರಿಸಿ ಚಾಲೂ ಮಾಡಿದರೆ, ಅದು ಅಪ್ಪಣೆಗಳನ್ನು ನಡುದಾರಿಯಲ್ಲಿ ತಡೆದು ಕಚೇರಿಯ ಕಾರ್ಡಿಗೇ ಒಪ್ಪಿಸುತ್ತದೆ. ಬರೆದು ಮುಗಿದ ಚಿತ್ರವನ್ನು ಟರ್ಬೋ ವಿ.ಎನ್.ಸಿ. ಎಂಬ ಜೊತೆಗಾರ ಮನೆಗೆ ಮುಟ್ಟಿಸುತ್ತಾನೆ. ನಕ್ಷೆ ಮಾತ್ರ ಕಚೇರಿಯನ್ನು ಬಿಟ್ಟು ಕದಲದು.

ಈ ಚಿತ್ರವೂ ಹಗುರವಲ್ಲ. ೧೯೨೦ಕ್ಕೆ ೧೦೮೦ ಚುಕ್ಕೆಗಳ ಪರದೆ, ಚುಕ್ಕೆಗೆ ೩ ಬೈಟು ಎಂದರೆ ಒಂದು ಚಿತ್ರಕ್ಕೆ ಸುಮಾರು ೬೨ ಲಕ್ಷ ಬೈಟು. ಸೆಕೆಂಡಿಗೆ ೩೦ ಚಿತ್ರಗಳಾದರೆ ೧೮ ಕೋಟಿಗೂ ಮಿಕ್ಕೀತು. ಅದಕ್ಕಾಗಿ ಜೆಪೆಗ್ ಕ್ರಮದಲ್ಲಿ ಹಿಂಡಿ ಕಳುಹಿಸುವುದು. ಹೆಚ್ಚು ಹಿಂಡಿದರೆ ಅಂಚುಗಳು ಮಸುಕಾಗುತ್ತವೆ. ಅಳತೆ ನೋಡುವವರಿಗೆ ಅದು ಸಲ್ಲದು.

ವಿ.ಎನ್.ಸಿ.ಯ ಬಾಗಿಲನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು ಶುದ್ಧ ಅವಿವೇಕ. ಕಚೇರಿಯವರ ಒಪ್ಪಿಗೆ ಪಡೆದು, ಎಸ್.ಎಸ್.ಎಚ್. ಎಂಬ ಗುಪ್ತಮಾರ್ಗದೊಳಗಿನಿಂದಲೇ ಅದನ್ನು ತರಬೇಕು. ಇಷ್ಟೆಲ್ಲ ಹೂಡಿದ ಮೇಲೂ, ಬೀಗ ಹಾಕಿದ ಕಚೇರಿಯಲ್ಲಿ ಕಂಪ್ಯೂಟರು ತಾನಾಗಿ ನಿದ್ರೆಹೋದರೆ ಗುಂಡಿ ಒತ್ತಿ ಎಬ್ಬಿಸುವವರಾರು? ಹೊರಡುವ ಮುನ್ನವೇ ಅದರ ನಿದ್ರೆಯ ಏರ್ಪಾಟನ್ನು ತೆಗೆದುಹಾಕಿ ಬರಬೇಕು.