ಪೋಸ್ಟರ್ ಗೋಡೆ ಮೇಲೆ, ಬಿಲ್ಲು ಜೇಬಿನಲ್ಲಿ!



ಮೊದಲ ದಿನ, ಮೊದಲ ಆಟ. ದೀಪ ಆರಿತು. ಟೈಟಲ್ ಕಾರ್ಡ್ ಬರುವಾಗ ನೀವಿನ್ನೂ ಪಕ್ಕದವನ ಕಾಲು ತುಳಿಯುತ್ತಾ ಸೀಟು ಹುಡುಕ್ತಿರ್ತೀರಿ. ಹೌದೋ, ಅಲ್ವೋ?

ಅಮೆರಿಕದಲ್ಲೂ ಒಂದು ಕಾಲಕ್ಕೆ ಹಾಗೇ. ಹೆಸರುಗಳು ಓಡುವಾಗ ಎಷ್ಟೋ ಕಡೆ ಪರದೆಯನ್ನೇ ಸರಿಸ್ತಿರಲಿಲ್ಲ! 1955ರಲ್ಲಿ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಬಂದಾಗ ಆಪರೇಟರ್‌ಗಳಿಗೆ ಚೀಟಿ ಹೋಯಿತು: ಟೈಟಲ್‌ಗೆ ಮುಂಚೆಯೇ ಪರದೆ ಸರಿಸಬೇಕು ಅಂತ. ಆ ಟೈಟಲ್ ಮಾಡಿದಾತ ಸಾಲ್ ಬಾಸ್. ಬಿಳಿ ಗೀಟುಗಳು, ಕೊನೆಗೊಂದು ಸೊಟ್ಟ ಕೈ. ಅಷ್ಟೇ! ಹಿಚ್‌ಕಾಕ್‌ನ ‘ವರ್ಟಿಗೊ’ (1958), ‘ಸೈಕೋ’ (1960) ಟೈಟಲ್‌ಗಳೂ ಈತನದೇ.

ಆದರೆ ನಾನು ಹೇಳಹೊರಟಿದ್ದು ಕಲೆಯ ಮಾತಲ್ಲ, ಕಾಸಿನ ಮಾತು. ‘ಅಣ್ಣಾ, ಪೋಸ್ಟರ್ ಡಿಸೈನ್ ಸ್ಟುಡಿಯೋ ಹಾಕಬೇಕು’ ಅನ್ನುವ ಹುಡುಗರಿಗಾಗಿ ಇದು.

ಗಾಂಧಿನಗರದ ಗಲ್ಲಿಯಲ್ಲಿ ನಾನೂ ಬೋರ್ಡು ಹಾಕಿ ಕೂತವನೇ. ಒಬ್ಬ ನಿರ್ಮಾಪಕರು ಹೆಗಲ ಮೇಲೆ ಕೈ ಹಾಕಿ, ‘ರಿಲೀಸ್ ಆಗ್ಲಿ, ನೋಡ್ಕೊಳ್ಳೋಣ’ ಅಂದರು. ರಿಲೀಸ್ ಆಯ್ತು. ಊರ ಗೋಡೆಗಳ ಮೇಲೆಲ್ಲ ನನ್ನ ಪೋಸ್ಟರ್! ಬಿಲ್ಲು ಮಾತ್ರ ನನ್ನ ಜೇಬಿನಲ್ಲೇ. ಬಾಡಿಗೆ ಕಟ್ಟಲಾಗದೆ ಬೋರ್ಡು ಇಳಿಸಿದೆ. ತಪ್ಪು ಅವರದಷ್ಟೇ ಅಲ್ಲ. ಅಡ್ವಾನ್ಸ್ ಕೇಳೋಕೆ ನಾಚಿದವನು ನಾನು.

ಸಾಲ್ ಬಾಸ್ ಸಿನಿಮಾ ಒಂದನ್ನೇ ನಂಬಿ ಕೂರಲಿಲ್ಲ. 1969ರಲ್ಲಿ ಬೆಲ್ ಟೆಲಿಫೋನಿನ ಗಂಟೆಯ ಗುರುತು, ಆಮೇಲೆ ಯುನೈಟೆಡ್ ಏರ್‌ಲೈನ್ಸ್ ಗುರುತು, 1983ರಲ್ಲಿ ಎಟಿ ಅಂಡ್ ಟಿ ಗೋಳ. 1974ರಲ್ಲಿ ಈತನೇ ನಿರ್ದೇಶಿಸಿದ ‘ಫೇಸ್ ಫೋರ್’ ಮಕಾಡೆ ಮಲಗಿತು. ಮತ್ತೆ ಅಂಥ ದೊಡ್ಡ ಚಿತ್ರಕ್ಕೆ ಆಕ್ಷನ್-ಕಟ್ ಹೇಳಲೇ ಇಲ್ಲ. ಆದರೂ ಕಸುಬು ನಿಲ್ಲಲಿಲ್ಲ! ಒಂದು ಕಾಲು ಜಾರಿದರೆ ಊರೋಕೆ ಇನ್ನೊಂದು ಕಾಲಿತ್ತು.

ಇನ್ನು ರೇಟು. ಬಾಡಿಗೆ, ಕರೆಂಟು, ಕಂಪ್ಯೂಟರ್ ಕಂತು, ಸಹಾಯಕನ ಸಂಬಳ ಸೇರಿ ತಿಂಗಳಿಗೆ 60,000 ಅಂದುಕೊಳ್ಳಿ. ನಿಮ್ಮ ಸಂಬಳ 30,000. ಹ್ಞಾಂ, ಇದನ್ನೇ ಎಲ್ಲರೂ ಮರೆಯೋದು! ಒಟ್ಟು 90,000. ತಿಂಗಳಿಗೆ ನಾಲ್ಕು ಕೆಲಸ ಆದರೆ ಒಂದೊಂದಕ್ಕೂ 22,500 ಬಂದರೆ ಬರೀ ಸಮ. ಲಾಭ ಅದರ ಮೇಲೆ. ‘ಪರಿಚಯದವರು’ ಅಂತ 10,000ಕ್ಕೆ ಒಪ್ಪಿಕೊಂಡರೆ, ಅವರ ಚಿತ್ರಕ್ಕೆ ನೀವೇ ಸಹನಿರ್ಮಾಪಕರು!

ತಿದ್ದುಪಡಿಗೂ ಲೆಕ್ಕ ಇರಲಿ. ‘ಹೀರೋ ಮುಖ ಇನ್ನೊಂಚೂರು ದೊಡ್ಡದು ಮಾಡಿ’ ಅನ್ನೋದಕ್ಕೆ ಕೊನೆಯಿಲ್ಲ. ಎರಡು ಸಲ ಪುಕ್ಕಟೆ, ಮೂರನೆಯದಕ್ಕೆ ದುಡ್ಡು ಅಂತ ಮೊದಲೇ ಬರೆದು ಸಹಿ ಹಾಕಿಸಿ. 1986ರಲ್ಲಿ ಪಾಲ್ ರ‍್ಯಾಂಡ್ ಎಂಬ ಡಿಸೈನರ್ ‘ನೆಕ್ಸ್ಟ್’ ಕಂಪನಿಯ ಗುರುತಿಗೆ ಒಂದು ಲಕ್ಷ ಡಾಲರ್ ತಗೊಂಡ. ಕೊಟ್ಟಿದ್ದು ಒಂದೇ ಒಂದು ನಮೂನೆ! ಕೊಟ್ಟವರು ಸ್ಟೀವ್ ಜಾಬ್ಸ್. ನಾವು ರ‍್ಯಾಂಡ್ ಅಲ್ಲ, ಸರಿ. ಆದರೆ ಹತ್ತು ನಮೂನೆ ಪುಕ್ಕಟೆ ಹರಡಿ ಕೂರೋಕೆ ಸಂತೆಯವರೂ ಅಲ್ಲ.

ಅರ್ಧ ಹಣ ಕೈಗೆ ಬಂದ ಮೇಲೆ ಕೆಲಸ ಶುರು, ಉಳಿದರ್ಧ ಬಂದ ಮೇಲೆ ಫೈಲು. ಹೆಗಲ ಮೇಲೆ ಕೈ ಹಾಕುವವರು ಬಂದೇ ಬರ್ತಾರೆ. ನಗುತ್ತಲೇ ಟೀ ಕೊಡಿಸಿ. ಪೋಸ್ಟರ್ ಕೊಡಬೇಡಿ!

ಮುಂದಿನ ವಾರ ಸಿಗೋಣ.