ಎಳನೀರು, ದೊಡ್ಡಪ್ಪ ಮತ್ತು ಮೈನಸ್ 70 ಮಿಲಿವೋಲ್ಟ್

ನರಕೋಶದ ರೆಸ್ಟಿಂಗ್ ಪೊಟೆನ್ಶಿಯಲ್ ಎಷ್ಟು ಅಂತ ಕೇಳಿದ್ರೆ ನಮ್ಮ ಬ್ಯಾಚಲ್ಲಿ ನಿದ್ದೆಗಣ್ಣಲ್ಲೂ ಹೇಳ್ತಾರೆ: ಮೈನಸ್ 70 ಮಿಲಿವೋಲ್ಟ್. ಯಾಕೆ ಅಂದ್ರೆ, "ಸೋಡಿಯಂ-ಪೊಟ್ಯಾಸಿಯಂ ಪಂಪ್". ಎರಡು ಮಾರ್ಕ್ಸ್ ಬಂತು, ಮುಗೀತು. ನಾವೂ ಹಾಗೇ ಬರೆದು ಪಾಸಾದವರು. ಆದರೆ ಈ ಸಂಖ್ಯೆಯನ್ನು ಹೀಗೆ ಬಾಯಿಪಾಠ ಮಾಡಿಸೋದು ತಪ್ಪು ಅಂತ ಈಗ ನಮಗೆ ಅನ್ನಿಸಿದೆ.

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಹೊಳವನಹಳ್ಳಿಗೆ ಹೋಗಿದ್ವಿ, ನಮ್ಮಲ್ಲೊಬ್ಬನ ಊರು, ಕೊರಟಗೆರೆ ತಾಲ್ಲೂಕು. ತುಮಕೂರು ಸೀಮೆ ಅಂದಮೇಲೆ ಹೇಳಬೇಕಾ, ಹೋದ ತಕ್ಷಣ ಎಳನೀರು ಕೊಚ್ಚಿದ್ರು. ಅವನ ದೊಡ್ಡಪ್ಪನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೀತಿದೆ. ಅವರೂ ಒಂದಕ್ಕೆ ಕೈ ಚಾಚಿದ್ರು. ದೊಡ್ಡಮ್ಮ ಕಿತ್ತುಕೊಂಡ್ರು, "ಡಾಕ್ಟ್ರು ಬೇಡ ಅಂದವ್ರೆ". ದೊಡ್ಡಪ್ಪ ನಮ್ಮ ಕಡೆ ತಿರುಗಿ, "ತಂಪು ಪದಾರ್ಥ, ಇದರಿಂದೇನಾಯ್ತದೆ? ಎಂಜಿನಿಯರಿಂಗ್ ಓದೋರು ನೀವೇ ಹೇಳ್ರಪ್ಪ" ಅಂದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ಉತ್ತರ ನಮ್ಮ ನೋಟ್ಸಲ್ಲೇ ಇತ್ತು!

ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ 4. ಪೊರೆಯಲ್ಲಿ ಪೊಟ್ಯಾಸಿಯಂಗೆ ಮಾತ್ರ ಬಾಗಿಲು ಸ್ವಲ್ಪ ತೆರೆದಿರುತ್ತೆ ಅನ್ನಬಹುದು. ಅದು ಹೊರಗೆ ಸೋರುತ್ತೆ, ಜೊತೆಗೆ ಧನ ಚಾರ್ಜನ್ನೂ ಒಯ್ಯುತ್ತೆ, ಒಳಗಡೆ ಋಣವಾಗುತ್ತೆ. ಆ ಋಣ ಎಳೆತ ಸೋರಿಕೆಗೆ ಸಮನಾದ ಜಾಗವೇ ನೆರ್ನ್‌ಸ್ಟ್ ಸೂತ್ರ ಕೊಡುವ ವೋಲ್ಟೇಜ್: ಮೈನಸ್ 95. ಸ್ವಲ್ಪ ಸೋಡಿಯಂ ಒಳಗೆ ನುಸುಳೋದರಿಂದ ನರಕೋಶದಲ್ಲಿ ಅದು ಮೈನಸ್ 70ರ ಹತ್ತಿರ ನಿಲ್ಲುತ್ತೆ. ಪಂಪ್ ಮಾಡೋದು ಬ್ಯಾಟರಿ ಚಾರ್ಜರ್ ಕೆಲಸ. 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಹಾಕಿ ವ್ಯತ್ಯಾಸ ಉಳಿಸುತ್ತೆ. ಅದು ನೇರವಾಗಿ ಸೇರಿಸೋದು ಕೆಲವೇ ಮಿಲಿವೋಲ್ಟ್.

ಈಗ ಹೊರಗಿನ 4 ಅನ್ನು 8 ಮಾಡಿ. ಮೈನಸ್ 95 ಇದ್ದದ್ದು ಮೈನಸ್ 76 ಆಗುತ್ತೆ. ಅದೇ ಹೊರಗಿನ ಸೋಡಿಯಂ 145ಕ್ಕೆ ಇನ್ನೊಂದು 4 ಸೇರಿಸಿದ್ರೆ ಮೀಟರ್ ಮುಳ್ಳು ಅಲ್ಲಾಡೋದೂ ಕಷ್ಟ. ಲಾಗರಿದಮ್ ನೋಡೋದು ಅನುಪಾತವನ್ನ, ಎಷ್ಟು ಸುರಿದಿರಿ ಅಂತಲ್ಲ. ಸ್ಕ್ವಿಡ್ ನರದ ಮೇಲೆ ಕೆಲಸ ಮಾಡಿದ ಹಾಡ್ಜ್‌ಕಿನ್ ಮತ್ತು ಕಾಟ್ಜ್ 1949ರಲ್ಲೇ ತೋರಿಸಿದ್ರು: ಹೊರಗಿನ ಸೋಡಿಯಂ ಇಳಿಸಿದ್ರೆ ಕುಗ್ಗೋದು ಮುಖ್ಯವಾಗಿ ಸ್ಪೈಕಿನ ಎತ್ತರ, ವಿಶ್ರಾಂತಿಯ ವೋಲ್ಟೇಜ್ ಅಷ್ಟಾಗಿ ಅಲ್ಲ.

ಒಂದು ಲೋಟ ಎಳನೀರಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ, ಅಂದ್ರೆ 15 ಮಿಲಿಮೋಲ್. ದೊಡ್ಡವರ ದೇಹದಲ್ಲಿ ಕೋಶಗಳ ಹೊರಗಿರುವ ದ್ರವ ಸುಮಾರು 14 ಲೀಟರ್, ಅದರಲ್ಲಿರುವ ಒಟ್ಟು ಪೊಟ್ಯಾಸಿಯಮ್ಮೇ 56 ಮಿಲಿಮೋಲ್. ಎರಡು ಲೋಟ ಕುಡಿದ್ರೆ ಅದರ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಯ್ತು! ನಮ್ಮ ನಿಮ್ಮಂಥವರಲ್ಲಿ ಕೋಶಗಳು ಹೀರಿಕೊಳ್ತವೆ, ಕಿಡ್ನಿ ಹೊರಗೆ ಹಾಕುತ್ತೆ, ಏನೂ ಆಗಲ್ಲ. ದೊಡ್ಡಪ್ಪನಿಗೆ ಆ ಎರಡನೇ ದಾರಿ ಮುಚ್ಚಿದೆ. ವೋಲ್ಟೇಜ್ ಮೇಲೇರಿ ಅಲ್ಲೇ ನಿಂತ್ರೆ ಸೋಡಿಯಂ ಚಾನೆಲ್‌ಗಳು ಜಡವಾಗಿ ಲಾಕ್ ಆಗ್ತವೆ, ಸ್ನಾಯು ಸೋಲುತ್ತೆ, ಹೃದಯದ ಲಯ ತಪ್ಪುತ್ತೆ. ಬಿಪಿಗೆ ಒಳ್ಳೇದು ಅಂತ ಮಾರುವ ಲೋ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ, ಕಿಡ್ನಿ ರೋಗಿಗಳಿರೋ ಮನೆಯವರು ಪ್ಯಾಕೆಟ್ ಹಿಂಬದಿ ಓದಲೇಬೇಕು.

ಹಾಗಾಗಿ ಪ್ರಶ್ನೆಪತ್ರಿಕೆ ಮಾಡೋರಿಗೆ ನಮ್ಮ ಬೇಡಿಕೆ: ಮೈನಸ್ 70 ಎಷ್ಟು ಅಂತ ಕೇಳ್ಬೇಡಿ. ಹೊರಗಿನ ಪೊಟ್ಯಾಸಿಯಂ ಎರಡು ಪಟ್ಟಾದರೆ ಏನಾಗುತ್ತೆ, ಅದನ್ನು ಸೂತ್ರ ಗೊತ್ತಿಲ್ಲದವರಿಗೆ ಐದು ವಾಕ್ಯದಲ್ಲಿ ಹೇಳಿ ಅಂತ ಕೇಳಿ. ಕನ್ನಡದಲ್ಲಿ ಬರೆದ್ರೂ ಮಾರ್ಕ್ಸ್ ಕೊಡಿ. ಈ ಬರಹದ ಮೊದಲ ಕರಡನ್ನು ನಾವು ಫೋನಲ್ಲಿ ದೊಡ್ಡಪ್ಪನಿಗೇ ಓದಿದ್ವಿ. ಲಾಗರಿದಮ್ ಬಂದ ಕಡೆ ಆಕಳಿಸಿದ್ರು, ಎರಡು ಲೋಟದ ಲೆಕ್ಕ ಬಂದಾಗ "ಇನ್ನೊಂದ್ಸಲ ಓದು" ಅಂದ್ರು.